ಹೆಚ್ಚು ಆಕ್ಟೇನ್ ಪೆಟ್ರೋಲ್ ನಿಮ್ಮ ಕಾರಿಗೆ ಬೇಕೇ? ಹುಬ್ಬಳ್ಳಿ–ಧಾರವಾಡ ಸೀಮೆಯ ಚಾಲಕರಿಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಧಾರವಾಡಕ್ಕೆ ಹೋಗುವ ಪಿ.ಬಿ. ರಸ್ತೆಯಲ್ಲಾಗಲಿ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದರೆ ಮೊದಲು ಕೇಳಿಬರುವ ಮಾತು "ಸಾದಾ ಹಾಕ್ಲೇನ್ರೀ, ಪವರ್ ಹಾಕ್ಲೇನ್ರೀ?" ಎಂಬುದು. ಟರ್ಬೊ ಬ್ಯಾಡ್ಜ್ ಇರುವ ಕಾರಾದರೆ ಉತ್ತರ ಬರುವ ಮೊದಲೇ ದುಬಾರಿ ಪೆಟ್ರೋಲಿನ ನಾಜಲ್ ಹುಡುಗನ ಕೈಯಲ್ಲಿರುತ್ತದೆ. ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ, ಎಂಜಿನ್ ತಣ್ಣಗಿರುತ್ತದೆ ಎಂಬ ಮಾತುಗಳು ಜೊತೆಗೇ ಬರುತ್ತವೆ. ಇವುಗಳಲ್ಲಿ ಕೆಲವು ಕೆಲವೇ ಕಾರುಗಳ ಮಟ್ಟಿಗೆ, ಕೆಲವೇ ಸಂದರ್ಭಗಳಲ್ಲಿ ನಿಜ. ನಿಮ್ಮ ಕಾರು ಆ ಸಾಲಿಗೆ ಸೇರುತ್ತದೆಯೇ ಎಂಬುದನ್ನು ಬಂಕಿನವರನ್ನೂ ಗೆಳೆಯರನ್ನೂ ಕೇಳದೆ ನೀವೇ ತೀರ್ಮಾನಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದೆ.

ಮೊದಲು ಸಂಖ್ಯೆಯ ಅರ್ಥ

ಆಕ್ಟೇನ್ ಸಂಖ್ಯೆ ಪೆಟ್ರೋಲಿನಲ್ಲಿರುವ ಶಕ್ತಿಯ ಅಳತೆಯಲ್ಲ. ಸಿಲಿಂಡರಿನೊಳಗಿನ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿದ ಪೆಟ್ರೋಲ್–ಗಾಳಿಯ ಮಿಶ್ರಣ, ಸ್ಪಾರ್ಕಿನಿಂದ ಹೊರಟ ಜ್ವಾಲೆ ತನ್ನನ್ನು ತಲುಪುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳಬಲ್ಲದು ಎಂಬುದನ್ನಷ್ಟೇ ಅದು ಹೇಳುತ್ತದೆ. ಪ್ರಯೋಗಾಲಯದಲ್ಲಿ ಐಸೋಆಕ್ಟೇನಿಗೆ 100, ನಾರ್ಮಲ್ ಹೆಪ್ಟೇನಿಗೆ 0 ಎಂದು ಇಟ್ಟುಕೊಂಡು, ಪರೀಕ್ಷೆಗೆಂದೇ ಮಾಡಿದ ಎಂಜಿನ್ನಿನಲ್ಲಿ ಪೆಟ್ರೋಲನ್ನು ಅವೆರಡರ ಮಿಶ್ರಣದೊಂದಿಗೆ ಹೋಲಿಸಿ ಈ ಸಂಖ್ಯೆಯನ್ನು ನಿರ್ಧರಿಸುತ್ತಾರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಎಂಬ ಮಾಪನ.

ಮಿಶ್ರಣದ ಕೊನೆಯ ಭಾಗ ಜ್ವಾಲೆ ಬರುವ ಮೊದಲೇ ಒಮ್ಮೆಲೇ ಸಿಡಿದರೆ ಅದೇ ನಾಕಿಂಗ್. ಹಳೆಯ ಕಾರುಗಳಲ್ಲಿ ದೊಡ್ಡ ಗೇರಿನಲ್ಲಿ ಏರು ಹತ್ತುವಾಗ ತಗಡಿನ ಡಬ್ಬಿಯಲ್ಲಿ ಹುರಿಗಡಲೆ ಅಲುಗಿಸಿದಂಥ ಸದ್ದು ಕೇಳುತ್ತಿತ್ತಲ್ಲ, ಅದು ಇದೇ. ಇಂದಿನ ಕಾರುಗಳಲ್ಲಿ ಆ ಸದ್ದು ಅಪರೂಪ, ಏಕೆಂದರೆ ಎಂಜಿನ್ ಬ್ಲಾಕಿಗೆ ಕೂರಿಸಿರುವ ನಾಕ್ ಸೆನ್ಸರ್ ಕಂಪನವನ್ನು ಗ್ರಹಿಸಿದ ಕೂಡಲೇ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಸ್ಪಾರ್ಕಿನ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಹೊತ್ತುವ ಕ್ಷಣವನ್ನು, ಹಿಂದಕ್ಕೆ ಸರಿಸುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ತಡವಾಗಿ ಹೊತ್ತಿಸಿದ ಮಿಶ್ರಣದಿಂದ ಸಿಗುವ ಬಲ ಕಡಿಮೆಯಾಗುತ್ತದೆ. ಹೆಚ್ಚು ಆಕ್ಟೇನ್ ಪೆಟ್ರೋಲಿನ ಇಡೀ ಲಾಭ ಇಷ್ಟರಲ್ಲೇ ಇದೆ: ಇಸಿಯು ಟೈಮಿಂಗ್ ಹಿಂದೆಳೆಯುವ ಸ್ಥಿತಿಯಲ್ಲಿ ಅದು ಹಿಂದೆಳೆಯದಂತೆ ನೋಡಿಕೊಳ್ಳುತ್ತದೆ. ಎಂದೂ ಹಿಂದೆಳೆಯದ, ಹೆಚ್ಚಿನ ಆಕ್ಟೇನನ್ನು ಬಳಸಿಕೊಂಡು ಟೈಮಿಂಗನ್ನು ಮುಂದೊತ್ತುವ ಲೆಕ್ಕವೂ ಇಲ್ಲದ ಎಂಜಿನ್ನಿಗೆ 100 ಆಕ್ಟೇನ್ ಹಾಕಿದರೂ ಅದರಿಂದ ಹೊಸದಾಗಿ ಏನೂ ಹುಟ್ಟುವುದಿಲ್ಲ.

ಹಂತ 1: ಪೆಟ್ರೋಲ್ ಮುಚ್ಚಳದ ಒಳಗೆ ನೋಡಿ

ಇಂಧನ ಮುಚ್ಚಳದ ಒಳಬದಿಯ ಸ್ಟಿಕ್ಕರನ್ನೂ ಮಾಲೀಕರ ಕೈಪಿಡಿಯ ಇಂಧನದ ಪುಟವನ್ನೂ ಓದಿ. ಅಲ್ಲಿ "ಕನಿಷ್ಠ" ಎಂದಿದೆಯೋ "ಶಿಫಾರಸು" ಎಂದಿದೆಯೋ ಎಂಬುದೇ ಮುಖ್ಯ. ಕನಿಷ್ಠ 91 ಎಂದಷ್ಟೇ ಇದ್ದರೆ ವಿಷಯ ಬಹುಮಟ್ಟಿಗೆ ಮುಗಿಯಿತು. ಕನಿಷ್ಠ 91, ಶಿಫಾರಸು 95 ಎಂದಿದ್ದರೆ ಸಾದಾ ಪೆಟ್ರೋಲಿನಲ್ಲಿ ಕಾರು ಸುರಕ್ಷಿತವಾಗಿಯೇ ಓಡುತ್ತದೆ, ಆದರೆ ಕಂಪನಿ ಹೇಳಿಕೊಂಡಿರುವ ಅಷ್ಟೂ ಬಲ ಬಿರುಬೇಸಿಗೆಯಲ್ಲಿ ಸಿಗದಿರಬಹುದು. ಕನಿಷ್ಠವೇ 95 ಎಂದಿದ್ದರೆ ಚೌಕಾಶಿಗೆ ಎಡೆಯಿಲ್ಲ, ಅದನ್ನೇ ಹಾಕಿಸಬೇಕು.

ಇಂಟರ್ನೆಟ್ಟಿನಲ್ಲಿ ಅಮೆರಿಕದ ವಿಡಿಯೊಗಳನ್ನು ನೋಡಿ ಬರುವವರು ಒಂದು ಗೊಂದಲವನ್ನು ಹೊತ್ತು ತರುತ್ತಾರೆ. ಅಲ್ಲಿನ ಪಂಪುಗಳ ಮೇಲಿರುವುದು ಆರ್‌ಒಎನ್ ಮತ್ತು ಎಂಒಎನ್ (ಮೋಟಾರ್ ಆಕ್ಟೇನ್ ನಂಬರ್) ಎಂಬ ಎರಡು ಮಾಪನಗಳ ಸರಾಸರಿ. ಅಲ್ಲಿನ 87 ನಮ್ಮ 91ಕ್ಕೆ ಹತ್ತಿರ, ಅಲ್ಲಿನ 91 ನಮ್ಮ 95–96ಕ್ಕೆ ಹತ್ತಿರ. "ಈ ಕಾರಿಗೆ 91 ಬೇಕು" ಎಂದು ಅಮೆರಿಕದವರು ಹೇಳಿದರೆ, ಅದು ನಮ್ಮಲ್ಲಿನ 95ರ ಮಾತು.

ಹಂತ 2: ನಿಮ್ಮ ಎಂಜಿನ್ ಯಾವ ಬಗೆಯದು

ಟರ್ಬೊ ಇಲ್ಲದ, ದಿನಬಳಕೆಯ 1.2 ಲೀಟರಿನಂಥ ಎಂಜಿನ್ನುಗಳನ್ನು ನಮ್ಮ ಮಾರುಕಟ್ಟೆಗೆಂದು ಸಿದ್ಧಪಡಿಸುವಾಗಲೇ ಇಲ್ಲಿನ ಸಾದಾ ಪೆಟ್ರೋಲನ್ನು ಗಮನದಲ್ಲಿಟ್ಟಿರುತ್ತಾರೆ. ಇಂಥ ಕಾರಿಗೆ ಕೆಂಪು ಬಣ್ಣದ ಪಟ್ಟಿ, ಸ್ಪಾಯ್ಲರ್, ದೊಡ್ಡ ಸೈಲೆನ್ಸರ್ ಹಾಕಿಸಿದ ಮಾತ್ರಕ್ಕೆ ಅದು ಬೇರೆ ಪೆಟ್ರೋಲ್ ಕೇಳುವುದಿಲ್ಲ.

ಟರ್ಬೊ ಮತ್ತು ನೇರ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ ವ್ಯವಸ್ಥೆ) ಇರುವ ಎಂಜಿನ್ನುಗಳ ವಿಷಯ ಬೇರೆ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಟಿಎಸ್‌ಐ, ಹ್ಯುಂಡೈ ಐ20 ಎನ್ ಲೈನಿನ 1.0 ಟರ್ಬೊ, 2025ರಲ್ಲಿ ಬಂದ ಗಾಲ್ಫ್ ಜಿಟಿಐ ಮೊದಲಾದವು ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನ ಒತ್ತಡವೂ ಶಾಖವೂ ಏರುತ್ತವೆ, ನಾಕಿಂಗಿನ ಅಂಚು ಹತ್ತಿರವಾಗುತ್ತದೆ. ಇವುಗಳ ಇಸಿಯು ಒಳ್ಳೆಯ ಪೆಟ್ರೋಲ್ ಸಿಕ್ಕಾಗ ಟೈಮಿಂಗನ್ನು ತುಸು ಮುಂದಕ್ಕೆ ಒಯ್ಯುವ ಅವಕಾಶವನ್ನೂ ಇಟ್ಟುಕೊಂಡಿರಬಹುದು. 95 ಆಕ್ಟೇನಿಗೆ ಕೊಟ್ಟ ಹಣ ಮರಳಿ ಬಂದರೆ ಈ ಗುಂಪಿನಲ್ಲೇ ಬರಬೇಕು. ಬಿಎಂಡಬ್ಲ್ಯು ಎಂ ಅಥವಾ ಮರ್ಸಿಡಿಸ್ ಎಎಂಜಿ ಬ್ಯಾಡ್ಜಿನ ಕಾರುಗಳ ಮಾಲೀಕರು ಲೀಟರಿಗೆ ಕೆಲವು ರೂಪಾಯಿಯ ಚರ್ಚೆಯಲ್ಲಿ ಕಾಲ ಕಳೆಯದೆ ಕೈಪಿಡಿ ಶಿಫಾರಸು ಮಾಡಿದ್ದನ್ನು ಹಾಕಿಸುವುದೇ ಸರಿ.

ಇದೇ ಗುಂಪಿನ ಇನ್ನೊಂದು ತೊಂದರೆಯನ್ನು ಆಕ್ಟೇನಿನ ಲೆಕ್ಕಕ್ಕೆ ಸೇರಿಸಬಾರದು. ಸಣ್ಣ ಟರ್ಬೊ ಎಂಜಿನ್ನನ್ನು 1,500 ಆರ್‌ಪಿಎಮ್ಮಿನ ಆಸುಪಾಸಿನಲ್ಲಿ, ಐದನೆಯ ಗೇರಿನಲ್ಲೇ ಇಟ್ಟು ಆಕ್ಸಲರೇಟರ್ ಪೂರ್ತಿ ಒತ್ತಿದಾಗ, ಸ್ಪಾರ್ಕಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಸಿಲಿಂಡರ್ ಗೋಡೆಯ ಆಯಿಲಿನ ಹನಿ, ಕರಿಯ ಕಣ ಮುಂತಾದವು ಇದಕ್ಕೆ ಕಾರಣವಾಗುತ್ತವೆ. ದುಬಾರಿ ಪೆಟ್ರೋಲ್ ಇದಕ್ಕೆ ಖಾತ್ರಿಯ ಪರಿಹಾರವಲ್ಲ. ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ ಹಾಕಿಸುವುದು ಮತ್ತು ಓವರ್‌ಟೇಕಿಗೆ ಮೊದಲು ಗೇರ್ ಇಳಿಸುವುದು ಪರಿಹಾರ.

ಹಂತ 3: ಬಂಕಿನಲ್ಲಿ ಹೆಸರನ್ನು ಬಿಟ್ಟು ಸಂಖ್ಯೆಯನ್ನು ಕೇಳಿ

ಸ್ಪೀಡ್, ಪವರ್, ಎಕ್ಸ್‌ಪಿ ಎಂಬವು ಮಾರಾಟದ ಹೆಸರುಗಳು. ಹೆಸರಿನ ಮುಂದೆ 95, 97, 99, 100 ಎಂಬ ಸಂಖ್ಯೆ ಇದ್ದರೆ ಮಾತ್ರ ಅದು ಆಕ್ಟೇನಿನ ಮಾತು. ಸಂಖ್ಯೆಯಿಲ್ಲದ "ಪ್ರೀಮಿಯಂ" ಪೆಟ್ರೋಲಿನಲ್ಲಿ ಮುಖ್ಯವಾಗಿ ಇರುವುದು ಇಂಜೆಕ್ಟರ್ ಶುಚಿಯಾಗಿಡುವ ರಾಸಾಯನಿಕಗಳು. ಅವು ನಿರರ್ಥಕವೆಂದು ಹೇಳುತ್ತಿಲ್ಲ. ಆದರೆ ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ (ಸಿಲಿಂಡರಿಗೆ ಗಾಳಿ ಬಿಡುವ ಕವಾಟದ) ಮೇಲೆ ಹರಿಯುವುದೇ ಇಲ್ಲವಾದ್ದರಿಂದ ಅಲ್ಲಿ ಕಟ್ಟಿಕೊಂಡ ಕರಿ ಯಾವ ಪೆಟ್ರೋಲಿನಿಂದಲೂ ತೊಳೆದು ಹೋಗುವುದಿಲ್ಲ.

2020ರಲ್ಲಿ ಬಂದ ಬಿಎಸ್-6 (ವಾಹನಗಳ ಹೊಗೆ ಮತ್ತು ಇಂಧನದ ಮಾನದಂಡ) ನಿಯಮದಲ್ಲಿ ಸಾದಾ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91 ಎಂದಿತ್ತು. ಇಂಡಿಯನ್ ಆಯಿಲ್ ತನ್ನ ಎಕ್ಸ್‌ಪಿ100 ಪೆಟ್ರೋಲನ್ನು ಬಿಡುಗಡೆ ಮಾಡಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಂದಿನಿಂದ ಇಂದಿಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಈಗ ಬಂಕುಗಳಲ್ಲಿ ಸಿಗುವ ಸಾದಾ ಪೆಟ್ರೋಲ್ ಶೇ. 20ರಷ್ಟು ಎಥನಾಲ್ ಬೆರೆತ ಇ20. ಎಥನಾಲಿನ ಆಕ್ಟೇನ್ ಸುಮಾರು 108. ಇ20 ಬಂದ ಮೇಲೆ ಸಾದಾ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿಕೊಂಡಿದೆ. ಆ ಮಾತನ್ನು ಒಪ್ಪುವುದಾದರೆ ಸಾದಾ ಪೆಟ್ರೋಲಿಗೂ 95ರ ದುಬಾರಿ ಪೆಟ್ರೋಲಿಗೂ ನಾಕಿಂಗ್ ತಡೆಯುವ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ಐದಾರು ವರ್ಷಗಳ ಹಿಂದೆ 95 ಹಾಕಿಸಿ ಫರಕು ಕಂಡವರ ಅನುಭವ ಸುಳ್ಳಲ್ಲ, ಆದರೆ ಅವರು ಹೋಲಿಸಿದ ಸಾದಾ ಪೆಟ್ರೋಲ್ ಈಗ ಬಂಕಿನಲ್ಲಿಲ್ಲ. ಈ ಒಂದು ಕಾರಣಕ್ಕಾದರೂ ಹಳೆಯ ಸಲಹೆಯನ್ನು ಹಾಗೆಯೇ ನಂಬದೆ ಹಂತ 5ರ ಪರೀಕ್ಷೆಯನ್ನು ಮಾಡಿ ನೋಡಬೇಕು.

ಎಥನಾಲಿನಿಂದ ಆಕ್ಟೇನ್ ಏರಿದರೂ ಮೈಲೇಜ್ ಏರುವುದಿಲ್ಲ ಎಂಬುದನ್ನೂ ಗಮನಿಸಿ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಂತ 4: ನೀವು ಎಲ್ಲಿ, ಯಾವಾಗ ಓಡಿಸುತ್ತೀರಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಊರುಗಳೆಲ್ಲ ಸಮುದ್ರಮಟ್ಟದಿಂದ ಸುಮಾರು 550ರಿಂದ 750 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇ. 6ರಿಂದ 8ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನಾಕಿಂಗ್ ಮಟ್ಟಿಗೆ ಅನುಕೂಲವೇ: ಒಳಗೆ ಬರುವ ಗಾಳಿ ಕಡಿಮೆಯಾದಷ್ಟು ಸಿಲಿಂಡರಿನ ಒತ್ತಡವೂ ಕಡಿಮೆ. ಅಮೆರಿಕದ ಎತ್ತರದ ಬೆಟ್ಟ ರಾಜ್ಯಗಳಲ್ಲಿ ಕಡಿಮೆ ಆಕ್ಟೇನ್ ಪೆಟ್ರೋಲ್ ಮಾರುತ್ತ ಬಂದಿರುವುದು ಇದೇ ಕಾರಣದಿಂದ. ಧಾರವಾಡದಲ್ಲಿ ಸದ್ದಿಲ್ಲದೆ ಓಡುವ ಹಳೆಯ ಕಾರು, ಮೇ ತಿಂಗಳಲ್ಲಿ ಐದು ಜನರನ್ನು ಕೂರಿಸಿಕೊಂಡು ಕಾರವಾರದಿಂದ ಹಿಂತಿರುಗುವಾಗ ಘಟ್ಟದ ಬುಡದಲ್ಲಿ ಕಟಕಟ ಎನ್ನಬಹುದು. ಕಾರಣ ಅಲ್ಲಿನ ದಟ್ಟವಾದ, ಬಿಸಿಯಾದ ಗಾಳಿ ಮತ್ತು ಏರು.

ಟರ್ಬೊ ಕಾರಿಗೆ ಎತ್ತರದ ಈ ರಿಯಾಯಿತಿ ಅಷ್ಟಾಗಿ ಇಲ್ಲ. ಕಡಿಮೆಯಾದ ಒತ್ತಡವನ್ನು ತುಂಬಿಕೊಡಲು ಟರ್ಬೊ ಇನ್ನಷ್ಟು ದುಡಿಯುತ್ತದೆ, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೆ ಏಪ್ರಿಲ್–ಮೇ ತಿಂಗಳ ಗದಗ, ಹಾವೇರಿ ಕಡೆಯ 38–40 ಡಿಗ್ರಿ ಬಿಸಿಲು ಸೇರಿದರೆ, ಸಿಗ್ನಲ್ಲಿನಲ್ಲಿ ನಿಂತು ಬಿಸಿಯಾದ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಸಾಧನ) ಗಾಳಿಯನ್ನು ತಣಿಸಲಾರದೆ ಇಸಿಯು ಟೈಮಿಂಗನ್ನು ಹಿಂದೆಳೆಯುವುದು ಖಚಿತ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದೇ ಕಾರು ಅದೇ ಪೆಟ್ರೋಲಿನಲ್ಲಿ ಚಿಗರೆಯಂತೆ ಓಡುತ್ತದೆ. ಆದ್ದರಿಂದ ವರ್ಷವಿಡೀ ಒಂದೇ ಪೆಟ್ರೋಲ್ ಹಾಕಿಸಬೇಕೆಂಬ ಕಟ್ಟುಪಾಡು ಬೇಡ. ಬೇಸಿಗೆಯಲ್ಲಿ ಹೆಚ್ಚು ಆಕ್ಟೇನ್, ಮಳೆಗಾಲ–ಚಳಿಗಾಲದಲ್ಲಿ ಸಾದಾ ಎಂಬ ಪದ್ಧತಿ, ಕೈಪಿಡಿಯ ಕನಿಷ್ಠ ಸಂಖ್ಯೆಗಿಂತ ಕೆಳಗಿಳಿಯದಿದ್ದರೆ, ಪೂರ್ತಿ ಸರಿ. ವಿದ್ಯಾನಗರದಿಂದ ನವನಗರದವರೆಗೆ ಬಿಆರ್‌ಟಿಎಸ್ ಪಥದ ಪಕ್ಕದಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವುದೇ ಕಾರಿನ ದಿನಚರಿಯಾಗಿದ್ದರೆ, ಅಲ್ಲಿ ಎಂಜಿನ್ನಿನ ಮೇಲೆ ಬೀಳುವ ಭಾರ ಎಷ್ಟು ಕಡಿಮೆಯೆಂದರೆ ಆಕ್ಟೇನಿನ ಪ್ರಶ್ನೆಯೇ ಏಳುವುದಿಲ್ಲ.

ಹಂತ 5: ನೀವೇ ಪರೀಕ್ಷಿಸಿ

ಪರೀಕ್ಷೆ ಎಂದರೆ ಟ್ಯಾಂಕ್ ತುಂಬಿಸಿ ಹೊರಬಿದ್ದ ಕೂಡಲೇ "ಹಗುರಾಯಿತು" ಎಂದುಕೊಳ್ಳುವುದಲ್ಲ. ಹೆಚ್ಚು ದುಡ್ಡು ಕೊಟ್ಟ ಮೇಲೆ ಕಾರು ಹಗುರಾಗಿಯೇ ಕಾಣುತ್ತದೆ, ಬಲಗಾಲೂ ತುಸು ಜೋರಾಗಿಯೇ ಒತ್ತುತ್ತದೆ.

ಮೊದಲು ಕಾರಿನ ಸ್ಥಿತಿ ಸರಿಯಿರಲಿ: ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗುಗಳನ್ನು ನೋಡಿಕೊಳ್ಳಿ. ಸವೆದ ಪ್ಲಗ್ಗಿನಿಂದ ಹೋದ ಪಿಕಪ್ ಪೆಟ್ರೋಲಿನಿಂದ ಬರುವುದಿಲ್ಲ. ಬಳಿಕ ಟ್ಯಾಂಕನ್ನು ಸೂಚಕ ದೀಪ ಬೆಳಗುವವರೆಗೆ ಇಳಿಸಿ ಒಂದೇ ಬಗೆಯ ಪೆಟ್ರೋಲನ್ನು ತುಂಬಿಸಿ. ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಹಳೆಯ ಪೆಟ್ರೋಲ್ ತಳದಲ್ಲಿ ಉಳಿದಿರುತ್ತದೆ, ಇಸಿಯು ಹೊಸದಕ್ಕೆ ಹೊಂದಿಕೊಳ್ಳಲೂ ಸಮಯ ಬೇಕು. ಎರಡನೆಯ ಮತ್ತು ಮೂರನೆಯ ಟ್ಯಾಂಕಿನಲ್ಲಿ ಅಳತೆ ಮಾಡಿ. ಮೈಲೇಜಿಗೆ ಒಂದೇ ಬಂಕು, ಒಂದೇ ನಾಜಲ್, ಮೊದಲ ಬಾರಿ ತಾನಾಗಿ ನಿಂತಲ್ಲಿಗೆ ನಿಲ್ಲಿಸುವ ಕ್ರಮ ಇರಲಿ. ಡ್ಯಾಶ್‌ಬೋರ್ಡಿನ ಮೈಲೇಜ್ ಸಂಖ್ಯೆಯನ್ನು ನಂಬಬೇಡಿ.

ಬಲದ ಅಳತೆಗೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ) ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರೇ ಒಳ್ಳೆಯ ಸಾಧನ. ಮೊಬೈಲ್ ಆ್ಯಪಿನಲ್ಲಿ ಇಗ್ನಿಷನ್ ಟೈಮಿಂಗ್, ಒಳಬರುವ ಗಾಳಿಯ ಉಷ್ಣತೆ, ಎಂಜಿನ್ ಲೋಡ್, ಆರ್‌ಪಿಎಂ ಈ ನಾಲ್ಕನ್ನು ದಾಖಲಿಸಿಕೊಳ್ಳಿ. ಅಣ್ಣಿಗೇರಿ ಕಡೆಯ ಎರೆಭೂಮಿಯ ಸಮತಟ್ಟು ರಸ್ತೆ ಇದಕ್ಕೆ ಅನುಕೂಲ. ವಾಹನ ಸಂಚಾರ ಇಲ್ಲದ ಹೊತ್ತು ನೋಡಿಕೊಂಡು, ವೇಗಮಿತಿಯೊಳಗೇ, ಮೂರನೆಯ ಗೇರಿನಲ್ಲಿ 2,000 ಆರ್‌ಪಿಎಮ್ಮಿನಿಂದ ಪೂರ್ತಿ ಆಕ್ಸಲರೇಟರ್ ಒತ್ತಿ ವೇಗಮಿತಿ ತಲುಪುವ ಮೊದಲೇ ಬಿಡಿ. ಗದಗ ಸೀಮೆಯ ಗಾಳಿ ಎಂಥದೆಂಬುದನ್ನು ಅಲ್ಲಿ ನೆಟ್ಟಿರುವ ಗಾಳಿಯಂತ್ರಗಳೇ ಹೇಳುತ್ತವೆ. ಆದ್ದರಿಂದ ಹೋಗುವ ದಿಕ್ಕಿನಲ್ಲೂ ಬರುವ ದಿಕ್ಕಿನಲ್ಲೂ ಅಳೆದು ಸರಾಸರಿ ತೆಗೆಯಬೇಕು. ಎರಡೂ ಪೆಟ್ರೋಲುಗಳಲ್ಲಿ ಒಂದೇ ಆರ್‌ಪಿಎಂ, ಒಂದೇ ಲೋಡ್, ಹೆಚ್ಚುಕಡಿಮೆ ಒಂದೇ ಗಾಳಿಯ ಉಷ್ಣತೆ ಇರುವಲ್ಲಿ ಟೈಮಿಂಗ್ ಎಷ್ಟು ಡಿಗ್ರಿ ಎಂದು ಹೋಲಿಸಿ. ದುಬಾರಿ ಪೆಟ್ರೋಲಿನಲ್ಲಿ ಟೈಮಿಂಗ್ ಪ್ರತಿಸಲವೂ ಎರಡು ಮೂರು ಡಿಗ್ರಿ ಮುಂದಿದ್ದರೆ ನಿಮ್ಮ ಎಂಜಿನ್ ಅದನ್ನು ಬಳಸಿಕೊಳ್ಳುತ್ತಿದೆ. ಅಂಕಿಗಳು ಒಂದೇ ಆಗಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು.

ಹುಬ್ಬಳ್ಳಿ–ಅಂಕೋಲಾ ರಸ್ತೆಯ ಅರಬೈಲ್ ಘಟ್ಟ ಇನ್ನೂ ಕಠಿಣ ಪರೀಕ್ಷೆ. ನಮಗೆ ಏರು ಸಿಗುವುದು ಹಿಂತಿರುಗಿ ಬರುವಾಗ. ಲಾರಿಗಳ ಹಿಂದೆ ನಿಧಾನವಾಗಿ ಹತ್ತುವ ಆ ದಾರಿಯಲ್ಲಿ ಸಮಯ ಅಳೆಯುವ ಸಾಹಸ ಬೇಡ. ಆ್ಯಪ್ ತನ್ನಷ್ಟಕ್ಕೆ ದಾಖಲಿಸಿಕೊಳ್ಳಲಿ, ಮನೆಗೆ ಬಂದು ನೋಡಿದರಾಯಿತು. ಇನ್ನೂ ನಿಷ್ಠುರವಾಗಿ ಪರೀಕ್ಷಿಸಬೇಕೆಂದರೆ ಮನೆಯವರು ಯಾರಾದರೂ ಬಂಕಿಗೆ ಹೋಗಿ, ಯಾವುದನ್ನು ತುಂಬಿಸಿದರೆಂದು ನಿಮಗೆ ಹೇಳದೆ ಬರಲಿ.

ಹಂತ 6: ಹಣದ ಲೆಕ್ಕ

ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಲೆಕ್ಕದ ಅನುಕೂಲಕ್ಕಾಗಿ ಸಾದಾ 103, 95 ಆಕ್ಟೇನ್ 111, 100 ಆಕ್ಟೇನ್ 165 ರೂಪಾಯಿ ಎಂದು ಇಟ್ಟುಕೊಳ್ಳೋಣ; ನಿಮ್ಮ ಬಂಕಿನ ದರವನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. 95ರ ಖರ್ಚು ಮೈಲೇಜಿನಲ್ಲೇ ಹುಟ್ಟಬೇಕಾದರೆ ಮೈಲೇಜ್ ಸುಮಾರು ಶೇ. 8ರಷ್ಟು ಏರಬೇಕು, ಅಂದರೆ ಲೀಟರಿಗೆ 12 ಕಿ.ಮೀ. ಕೊಡುವ ಕಾರು 13ರ ಹತ್ತಿರ ಬರಬೇಕು. ಆಕ್ಟೇನ್ ಒಂದರಿಂದಲೇ ಅಷ್ಟು ಏರುವುದು ತೀರ ಕಷ್ಟ. 100 ಆಕ್ಟೇನಿಗೆ ಅದೇ ಕಾರು 19 ಕಿ.ಮೀ. ಕೊಡಬೇಕಾಗುತ್ತದೆ, ಅದು ನಡೆಯುವ ಮಾತಲ್ಲ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 95ರಿಂದ ಬೀಳುವ ಹೆಚ್ಚಿನ ಹೊರೆ ವರ್ಷಕ್ಕೆ 8,000 ರೂಪಾಯಿ. ಹಂತ 5ರಲ್ಲಿ ಟೈಮಿಂಗ್ ಮುಂದೆ ಹೋಗಿದ್ದು ಕಂಡು, ಆ ಸುಖಕ್ಕೆ ಈ ಹಣ ಕೊಡಲು ಮನಸ್ಸಿದ್ದರೆ ಕೊಡಬಹುದು, ಅದರಲ್ಲಿ ತಪ್ಪಿಲ್ಲ. ಉಳಿತಾಯವೆಂದು ಮಾತ್ರ ಭಾವಿಸಬಾರದು.

ಹಂತ 7: ರೀಮ್ಯಾಪ್ ಮಾಡಿಸಿದ ಕಾರು

ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಬದಲಿಸದೆ, ಹೆಚ್ಚು ಬಲಕ್ಕಾಗಿ ಇಸಿಯುವಿನ ಲೆಕ್ಕಗಳನ್ನಷ್ಟೇ ತಿದ್ದಿ ಬರೆಸುವುದು) ಮಾಡಿಸಿದ ಕಾರಿಗೆ ಮೇಲಿನ ಉಳಿತಾಯದ ಮಾತು ಯಾವುದೂ ಅನ್ವಯಿಸುವುದಿಲ್ಲ. ಟರ್ಬೊ ಒತ್ತಡವನ್ನೂ ಟೈಮಿಂಗನ್ನೂ 97 ಅಥವಾ 100 ಆಕ್ಟೇನಿಗೆ ತಕ್ಕಂತೆ ಏರಿಸಿ ಬರೆದ ಮ್ಯಾಪಿನಲ್ಲಿ ಕಡಿಮೆ ಆಕ್ಟೇನ್ ಹಾಕಿದರೆ ನಾಕ್ ಸೆನ್ಸರ್ ಸರಿಪಡಿಸಬಲ್ಲ ಮಿತಿಯೇ ದಾಟಿಹೋಗಬಹುದು; ಆಗ ಹೋಗುವುದು ಪಿಸ್ಟನ್ನು. ಬೆಂಗಳೂರಿನಲ್ಲೋ ಪುಣೆಯಲ್ಲೋ ಟ್ಯೂನರ್ ಬಳಿ ಕೂತಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಅಶ್ವಶಕ್ತಿ ಎಂಬುದಲ್ಲ, ಈ ಮ್ಯಾಪ್ ಯಾವ ಆಕ್ಟೇನಿಗೆ ಎಂಬುದು. ರಾಣೆಬೆನ್ನೂರು ಅಥವಾ ಮುಂಡರಗಿಯ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಯಾವ ಪೆಟ್ರೋಲ್ ಖಾತ್ರಿಯಾಗಿ ಸಿಗುತ್ತದೆಯೋ ಅದಕ್ಕೆ ಮ್ಯಾಪ್ ಬರೆಸುವುದೇ ವಿವೇಕ. ವಾರಂಟಿ ಹೋಗುತ್ತದೆಂಬುದನ್ನು ಮಾಡಿಸುವ ಮೊದಲೇ ಒಪ್ಪಿಕೊಂಡಿರಬೇಕು.

ಬೇರೆ ದಾರಿಯಿಲ್ಲದೆ ಕಡಿಮೆ ಆಕ್ಟೇನ್ ಹಾಕಿಸಬೇಕಾಗಿ ಬಂದರೆ ಮುಂದಿನ ಊರು ತಲುಪುವಷ್ಟೇ ಹಾಕಿಸಿ, ಆಕ್ಸಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತದೆ ಹೋಗಿ. ಬಳಿಕ ಹೆಚ್ಚಿನದನ್ನು ಬೆರೆಸಿದಾಗ ಸಿಗುವ ಸಂಖ್ಯೆ ಹೆಚ್ಚುಕಡಿಮೆ ಪ್ರಮಾಣಕ್ಕೆ ತಕ್ಕ ಸರಾಸರಿ: 20 ಲೀಟರ್ 91ಕ್ಕೆ 20 ಲೀಟರ್ 100 ಸೇರಿದರೆ 95ರ ಮೇಲಷ್ಟೇ. ಬಣ್ಣದಂಗಡಿಯ ಥಿನ್ನರ್, ಹೆಸರಿಲ್ಲದ ಆಕ್ಟೇನ್ ಬೂಸ್ಟರ್ ಡಬ್ಬಿಗಳ ಸಹವಾಸ ಬೇಡ. ಇಂಥ ಕೆಲವು ಬೂಸ್ಟರುಗಳಲ್ಲಿರುವ ಲೋಹದ ಅಂಶ ಪ್ಲಗ್ಗಿನ ತುದಿಯಲ್ಲಿ ಕೆಂಪಾಗಿ ಕೂರುತ್ತದೆ. ಸಣ್ಣ ವಿಮಾನಗಳ 100 ಆಕ್ಟೇನ್ ಪೆಟ್ರೋಲಿನ ಆಸೆಯೂ ಬೇಡ: ಅದರಲ್ಲಿ ಸೀಸವಿದೆ, ಸೀಸ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ.

ಆಕ್ಟೇನಿನ ಹೊರತಾಗಿಯೂ 100 ಆಕ್ಟೇನ್ ಪೆಟ್ರೋಲ್ ಉಪಯೋಗಕ್ಕೆ ಬರುವ ಸಂದರ್ಭ ಒಂದಿದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಇ20 ಇದ್ದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಮಿತಿ ಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಅಂಥ ಕಾರಿಗೆ ಎಥನಾಲ್ ಇಲ್ಲದ್ದೆಂದು ಮಾರಾಟವಾಗುವ 100 ಆಕ್ಟೇನ್ ಪೆಟ್ರೋಲನ್ನು, ಎಥನಾಲ್ ಇಲ್ಲವೆಂದು ಬಂಕಿನಲ್ಲಿ ಕೇಳಿ ಖಚಿತಪಡಿಸಿಕೊಂಡು, ಜೂನಿನ ಮೊದಲ ವಾರದಲ್ಲೇ ಟ್ಯಾಂಕ್ ತುಂಬಾ ಹಾಕಿಸಿ ನಿಲ್ಲಿಸಿ.